614 ಫೋಟೋ ಇವೆ, ಆದರೆ ಆ ಜಾಗದ ಬಗ್ಗೆ ಕೇಳಿದರೆ ಉತ್ತರ ಇಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ತುಂಬಿದ_ಕಾರ್ಡು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೆ ಬೈಯಬೇಡಿ.

ಕಳೆದ ತಿಂಗಳು ನದಿ ದಂಡೆಯ ಒಂದು ಹಳೇ ಊರಿಗೆ ಹೋಗಿದ್ದೆ. ಮೂರು ದಿನ ಇದ್ದೆ, 614 ಫೋಟೋ ತೆಗೆದೆ. ಬಂದ ಮೇಲೆ ಗೆಳೆಯನಿಗೆ ತೋರಿಸುತ್ತಾ ಕೂತಿದ್ದೆ. ಬೆಳಕು ಚೆನ್ನಾಗಿದೆ ಅಂದ, ಬಣ್ಣ ಚೆನ್ನಾಗಿದೆ ಅಂದ. ಆಮೇಲೆ ಕೇಳಿದ: "ಈ ಬೀದಿಯಲ್ಲಿ ಮನೆ ಬಾಗಿಲೆಲ್ಲ ಯಾಕೆ ಇಷ್ಟು ಮೇಲಿವೆ?"

ಆಗ ನೋಡಿದೆ. ಹೌದು, ರಸ್ತೆಯಿಂದ ಐದಾರು ಮೆಟ್ಟಿಲು ಹತ್ತಿದರೇ ಹೊಸ್ತಿಲು. ಒಂದೆರಡು ಮನೆ ಅಲ್ಲ, ಸಾಲಿಗೆ ಸಾಲೇ ಹಾಗಿದೆ. ಅಂಥ ಒಂದು ಮೆಟ್ಟಿಲ ಮೇಲೆ ಕೂತು ಲೆನ್ಸ್ ಒರೆಸಿಕೊಂಡವನು ನಾನೇ. ಆದರೂ ಈ ಪ್ರಶ್ನೆ ತಲೆಗೆ ಬಂದೇ ಇರಲಿಲ್ಲ.

ನನಗೆ ಚಂದದ ಫೋಟೋ ತೆಗೆಯುವ ಟಿಪ್ಸ್ ಬೇಡ. ಕ್ಯಾಮೆರಾ ಹಿಡಿದು ಒಂದು ಜಾಗವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಬೇಕು. ರೈಲಿನಲ್ಲಿ ಎರಡು ಗಂಟೆ ದಾರಿ, ಇನ್ನೊಮ್ಮೆ ಹೋಗಬಲ್ಲೆ.

ಹಳೇ_ಲೆನ್ಸ್

ಬನ್ನಿ ಬನ್ನಿ. ನಿಮ್ಮ ಗೆಳೆಯನನ್ನೂ ಇಲ್ಲಿಗೆ ಕರೆತನ್ನಿ, ಅವರ ಕಣ್ಣು ಚೆನ್ನಾಗಿದೆ.

ನನ್ನ ರೂಢಿ ಹೇಳುತ್ತೇನೆ. ಹೊಸ ಜಾಗಕ್ಕೆ ಹೋದರೆ ಮೊದಲ ಒಂದು ಗಂಟೆ ಕ್ಯಾಮೆರಾ ಚೀಲದಿಂದ ಆಚೆ ಬರುವುದಿಲ್ಲ. ಸುಮ್ನೆ ಓಡಾಡುತ್ತೇನೆ. ಗೊತ್ತಾಗದ್ದು ಏನಾದರೂ ಕಂಡರೆ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆ ಚೀಟಿ ಹಿಡಿದೇ ಆಮೇಲೆ ಫೋಟೋ.

ಇದಕ್ಕೆ ಒಂದು ಕಾರಣವೂ ಇದೆ. ಅಮೆರಿಕದ ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರನ್ನು ಮ್ಯೂಸಿಯಂ ಸುತ್ತಿಸಿ, ಕೆಲವು ವಸ್ತುಗಳ ಫೋಟೋ ತೆಗೆಯಿರಿ, ಕೆಲವನ್ನು ಬರೀ ನೋಡಿ ಎಂದರು. ಮರುದಿನ ಕೇಳಿದರೆ, ಫೋಟೋ ತೆಗೆದ ವಸ್ತುಗಳೇ ಕಮ್ಮಿ ನೆನಪಿದ್ದವು. ಕ್ಯಾಮೆರಾ ನೋಡಿಕೊಂಡಿತಲ್ಲ, ಇನ್ನು ನಾನೇಕೆ ನೋಡಲಿ ಅಂತ ತಲೆ ಕೆಲಸ ನಿಲ್ಲಿಸಿಬಿಡುತ್ತದೆ. ನಿಮಗೆ ಆಗಿದ್ದೂ ಅದೇ ಇರಬೇಕು.

ಗುಬ್ಬಿಕಣ್ಣು

ಅಣ್ಣ, ಅರ್ಧ ಕತೆ ಹೇಳಿದಿರಿ. ಅದೇ ಅಧ್ಯಯನದಲ್ಲಿ, ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರ ನೆನಪು ಕೆಡಲಿಲ್ಲ. ಜೂಮ್ ಮಾಡದೆ ಬಿಟ್ಟ ಭಾಗವೂ ಅವರಿಗೆ ನೆನಪಿತ್ತು. ಅದನ್ನು ಯಾಕೆ ಬಿಟ್ಟಿರಿ?

2017ರಲ್ಲಿ ಬೇರೆ ತಂಡವೊಂದು ಜನರಿಗೆ ಕ್ಯಾಮೆರಾ ಕೊಟ್ಟು, ನಿಮಗೆ ಬೇಕಾದ್ದನ್ನು ತೆಗೆಯಿರಿ ಅಂತ ಬಿಟ್ಟಿತು. ಅವರಿಗೆ ಕಣ್ಣಿಗೆ ಕಂಡದ್ದು ಜಾಸ್ತಿ ನೆನಪಿತ್ತು, ಕಿವಿಗೆ ಬಿದ್ದದ್ದು ಕಮ್ಮಿ. ಅಂದರೆ ಏನು ತೆಗೆಯಬೇಕು ಅಂತ ನೀವೇ ಆರಿಸಿದರೆ ಕ್ಯಾಮೆರಾ ನೋಡುವುದನ್ನು ಕಲಿಸುತ್ತದೆ, ಕೇಳುವುದನ್ನು ಮರೆಸುತ್ತದೆ.

ನನಗಂತೂ ಕ್ಯಾಮೆರಾ ಇಲ್ಲದಿದ್ದರೆ ನಿಲ್ಲುವುದೇ ಗೊತ್ತಿಲ್ಲ. ದಡದಡ ನಡೆದು ಹೋಗಿಬಿಡುತ್ತೇನೆ. ಫ್ರೇಮ್ ಕೂರಿಸಬೇಕು ಅಂದಾಗ ಮಾತ್ರ ಎರಡು ನಿಮಿಷ ನಿಲ್ಲುತ್ತೇನೆ. ಆ ಎರಡು ನಿಮಿಷದಲ್ಲೇ ನನಗೆ ಏನಾದರೂ ಕಾಣುವುದು.

ಮೂರನೇ_ಕಾಲು

ಇಷ್ಟೆಲ್ಲ ಯಾಕೆ? ನದಿ ದಂಡೆ, ಎತ್ತರದ ಬಾಗಿಲು. ನೆರೆ ಬರುತ್ತದೆ, ಅದಕ್ಕೇ ಮೆಟ್ಟಿಲು. ಪ್ರಶ್ನೆ ಮುಗಿಯಿತು.

ಅಳತೆಪಟ್ಟಿ

ಮುಗಿಯಲಿಲ್ಲ ಮಾರಾಯರೇ. ನಾನು ಮೂವತ್ತು ವರ್ಷ ಸರ್ವೆ ಕೆಲಸ ಮಾಡಿದವನು. ಮೊದಲು ಹೊಳೆಯುವ ಉತ್ತರವನ್ನು ನಂಬಬಾರದು ಅನ್ನುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಕತೆಗಳಿವೆ.

ನೆರೆಯೇ ಕಾರಣ ಆಗಿದ್ದರೆ ನದಿಗೆ ಹತ್ತಿರದ ಮನೆಗೆ ಜಾಸ್ತಿ ಮೆಟ್ಟಿಲು ಇರಬೇಕು, ದೂರ ಹೋದಂತೆ ಕಮ್ಮಿ ಆಗಬೇಕು. ಇದೆಯಾ? ಗೋಡೆಯ ಮೇಲೆ ನೀರು ನಿಂತ ಗೆರೆ ಇದೆಯಾ? ರಸ್ತೆ ಸಮತಟ್ಟೋ, ಇಳಿಜಾರೋ? ಇವೆಲ್ಲ ಫೋಟೋದಲ್ಲೇ ಸಿಗುವ ವಿಷಯ.

ಇನ್ನೊಂದು ಸಾಧ್ಯತೆಯೂ ಇದೆ. ಮನೆ ಮೇಲೆ ಹೋಗಿರದೆ ರಸ್ತೆಯೇ ಕೆಳಗೆ ಹೋಗಿರಬಹುದು. ಅಮೆರಿಕದ ಸಿಯಾಟಲ್ ನಗರದಲ್ಲಿ ಡೆನ್ನಿ ಅನ್ನುವ ಗುಡ್ಡವನ್ನೇ ನೀರು ಹಾಯಿಸಿ ಕರಗಿಸಿದರು. 1910ರ ಆಸುಪಾಸಿನ ಫೋಟೋಗಳಲ್ಲಿ ಕೆಲವು ಮನೆಗಳು ಮಣ್ಣಿನ ಕಂಬದ ತುದಿಯಲ್ಲಿ ಕೂತ ಹಾಗಿವೆ, ಸುತ್ತಲಿನ ನೆಲ ಕೆಳಗಿಳಿದುಬಿಟ್ಟಿದೆ. ಅದೇ ಊರಿನ ಹಳೇ ಭಾಗದಲ್ಲಿ ಉಲ್ಟಾ. 1889ರ ಬೆಂಕಿಯ ನಂತರ ರಸ್ತೆಗಳನ್ನು ಎತ್ತರಿಸಿದರು, ನೆಲಮಹಡಿಗಳು ನೆಲಮಾಳಿಗೆಯಾದವು. ಒಂದೇ ಊರು, ರಸ್ತೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ.

ನಿಮ್ಮ ಬೀದಿಗೆ ಉತ್ತರ ಬೇಕಾದರೆ ಹೀಗೆ ಮಾಡಿ. ಒಂದು ಬದಿಯ ಎಲ್ಲ ಮನೆಗಳನ್ನೂ ಎದುರಿನಿಂದ, ಅಷ್ಟೇ ದೂರದಿಂದ, ಅಷ್ಟೇ ಎತ್ತರದಿಂದ ತೆಗೆಯಿರಿ. ಚಂದದ ಮನೆ, ಚಂದ ಇಲ್ಲದ ಮನೆ ಅಂತ ಆರಿಸಬೇಡಿ. ಆರಿಸಿದ ಕೂಡಲೇ ಸಾಕ್ಷಿ ಕೆಡುತ್ತದೆ. ಮೋಡ ಇರುವ ದಿನ ಹೋಗಿ, ನೆರಳು ಅಡ್ಡ ಬರುವುದಿಲ್ಲ.

ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ಹೀಗೇ ನೀರಿನ ಟ್ಯಾಂಕು, ಕಬ್ಬಿಣದ ಕುಲುಮೆ ತೆಗೆಯುತ್ತಾ ಹೋದರು. ಮಂಕು ಬೆಳಕು, ನೇರ ಎದುರಿನ ನೋಟ. ಒಂದೊಂದೇ ನೋಡಿದರೆ ಸಪ್ಪೆ. ಹದಿನೈದನ್ನು ಚೌಕಟ್ಟಿನಲ್ಲಿ ಜೋಡಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 1966ರಲ್ಲಿ ಅಮೆರಿಕದ ಕಲಾವಿದ ಎಡ್ ರುಶೇ ವಾಹನದ ಮೇಲೆ ಕ್ಯಾಮೆರಾ ಕೂರಿಸಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ರಸ್ತೆಯ ಎರಡೂ ಬದಿಯ ಪ್ರತಿ ಕಟ್ಟಡವನ್ನೂ ತೆಗೆದರು. ಸುಮಾರು 7.6 ಮೀಟರ್ ಉದ್ದದ ಮಡಿಕೆ ಪುಸ್ತಕವಾಯಿತು. ಖಾಲಿ ಸೈಟುಗಳೂ ಅದರಲ್ಲಿವೆ.

ಅಳತೆಗೆ ಟೇಪು ಬೇಕಿಲ್ಲ. ಮೆಟ್ಟಿಲೊಂದು ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಇರುತ್ತದೆ. ಆರು ಮೆಟ್ಟಿಲು ಅಂದರೆ ಹೆಚ್ಚುಕಮ್ಮಿ ಒಂದು ಮೀಟರ್.

ತುಂಬಿದ_ಕಾರ್ಡು

ಸರ್, ನಿಮ್ಮ ಮಾತು ಕೇಳಿ ಎಲ್ಲ 614 ಫೋಟೋಗಳನ್ನೂ ಮತ್ತೆ ನೋಡಿದೆ. ನಾಚಿಕೆ ಆಗುತ್ತಿದೆ. ಆ ಬೀದಿಯದ್ದೇ 88 ಫೋಟೋ ಇವೆ. ಮೆಟ್ಟಿಲು ಪೂರ್ತಿ ಕಾಣುವುದು ಒಂಬತ್ತರಲ್ಲಿ. ಉಳಿದದ್ದರಲ್ಲಿ ಎಲ್ಲ ಕತ್ತರಿಸಿ ಹೋಗಿವೆ. ನನಗೆ ಬಾಲ್ಕನಿ ಬೇಕಿತ್ತು, ಕ್ಯಾಮೆರಾ ಮೇಲೆತ್ತಿದೆ.

ಕಾಣಲಿಲ್ಲ ಅಂತ ಅಂದುಕೊಂಡಿದ್ದೆ. ನಿಜ ಏನೆಂದರೆ ಮೆಟ್ಟಿಲನ್ನು ನಾನೇ ಆಚೆ ಹಾಕಿದ್ದೇನೆ, 79 ಸಲ.

ರಸ್ತೆ ಸಮತಟ್ಟಾಗಿಲ್ಲ. ನದಿಯಿಂದ ನಿಧಾನಕ್ಕೆ ಏರಿ, ಮತ್ತೆ ಇಳಿದು ಒಂದು ಚೌಕಕ್ಕೆ ಸೇರುತ್ತದೆ.

ಅಳತೆಪಟ್ಟಿ

ಏರಿ ಇಳಿಯುತ್ತದಾ? ಹಾಗಾದರೆ ಹೋಗಲೇಬೇಕು ನೀವು.

ಮೂರನೇ_ಕಾಲು

ನೆರೆಯೇ. ನನ್ನ ಲೆನ್ಸ್ ಕ್ಯಾಪ್ ಪಣಕ್ಕಿಟ್ಟೆ.

ಆದರೆ ಒಂದು ಕೆಲಸದ ಮಾತು ಹೇಳುತ್ತೇನೆ. ಎಲ್ಲ ಮನೆಗೂ ಒಂದೇ ಲೆನ್ಸ್ ಇಟ್ಟುಕೊಳ್ಳಿ, ಜೂಮ್ ಮುಟ್ಟಬೇಡಿ. ಫುಲ್ ಫ್ರೇಮ್ (ಹಳೇ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್) ಲೆಕ್ಕದಲ್ಲಿ 24 ಮಿ.ಮೀ. ಲೆನ್ಸ್ ಅಡ್ಡಕ್ಕೆ ಸುಮಾರು 74 ಡಿಗ್ರಿ ನೋಡುತ್ತದೆ, 50 ಮಿ.ಮೀ. ಸುಮಾರು 40 ಡಿಗ್ರಿ. ಫೋನಿನ ಮುಖ್ಯ ಕ್ಯಾಮೆರಾ ಹೆಚ್ಚಾಗಿ 24ರ ಆಸುಪಾಸಿನಲ್ಲೇ ಇರುತ್ತದೆ. ವೈಡ್ ಲೆನ್ಸ್ ಹಿಡಿದು ಹತ್ತಿರ ನಿಂತರೆ ಕಿರಿದಾದ ಬೀದಿಯೂ ಮೈದಾನದ ಹಾಗೆ ಕಾಣುತ್ತದೆ. ಬಾಡಿಗೆ ಮನೆಯ ಜಾಹೀರಾತು ನೋಡಿ ಹೋಗಿ ಮೋಸ ಹೋದವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನೊಂದು, ಕ್ಯಾಮೆರಾ ಓರೆ ಮಾಡಬೇಡಿ. ಮೇಲೆತ್ತಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಫೋನಿನಲ್ಲಿ ಗ್ರಿಡ್ ಗೆರೆ ಆನ್ ಮಾಡಿಕೊಂಡು ಬಾಗಿಲ ಚೌಕಟ್ಟಿಗೆ ಹೊಂದಿಸಿ.

ಕಾಲ್ನಡಿಗೆ

ಎಲ್ಲರೂ ಕಟ್ಟಡದ ಬಗ್ಗೆಯೇ ಮಾತಾಡುತ್ತಿದ್ದೀರಿ. ಜಾಗ ಅಂದರೆ ಬರೀ ಗೋಡೆಯಾ? ಬೆಳಿಗ್ಗೆ ಆರಕ್ಕೆ ಇರುವ ಬೀದಿ ಬೇರೆ, ಸಂಜೆ ಆರಕ್ಕೆ ಇರುವ ಬೀದಿ ಬೇರೆ.

ನಾನು ಒಂದು ವರ್ಷ ಒಂದೇ ಕಲ್ಲುಬೆಂಚಿನ ಫೋಟೋ ತೆಗೆದೆ. ವಾರಕ್ಕೆ ಎರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ. ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಆ ಬೆಂಚಿನ ಎಡ ತುದಿಯಲ್ಲಿ ಯಾರೂ ಕೂರುವುದಿಲ್ಲ. ಬಲ ತುದಿಯಲ್ಲಿ ಜಾಗ ಇಲ್ಲದಿದ್ದರೆ ನಿಂತೇ ಇರುತ್ತಾರೆ. ಕಾರಣ ಹುಡುಕಲು ಮತ್ತೆರಡು ತಿಂಗಳು. ಎದುರಿನ ಕಂಬದ ದೀಪ ಎಡ ತುದಿಯಲ್ಲಿ ಕೂತವರ ಕಣ್ಣಿಗೇ ಹೊಡೆಯುತ್ತದೆ. ಸರಿ, ಹಗಲಲ್ಲಿ? ಹಗಲಲ್ಲಿ ಅಲ್ಲಿ ಬಿಸಿಲು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಮರದ ನೆರಳೂ ಅವನ ಜೊತೆ ಸರಿಯುತ್ತದೆ, ಆದರೆ ಎಡ ತುದಿಗೆ ಮುಟ್ಟುವುದೇ ಇಲ್ಲ. ಒಂದೇ ಫೋಟೋದಲ್ಲಿ ಇದು ಯಾವತ್ತೂ ಸಿಗುತ್ತಿರಲಿಲ್ಲ.

ನಗರದಲ್ಲಿ ಜನ ಹೇಗೆ ಇರುತ್ತಾರೆ ಅಂತ ಅಧ್ಯಯನ ಮಾಡಿದ ವಿಲಿಯಂ ಎಚ್. ವೈಟ್ 1970ರ ದಶಕದಲ್ಲಿ ನ್ಯೂಯಾರ್ಕಿನ ಕಟ್ಟಡಗಳ ಮೇಲೆ ಕ್ಯಾಮೆರಾ ಇಟ್ಟು ಕೆಳಗಿನ ಬಯಲುಗಳನ್ನು ಟೈಮ್ ಲ್ಯಾಪ್ಸ್ (ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಚಿತ್ರ ತೆಗೆದು ಜೋಡಿಸುವುದು) ಮಾಡಿದ್ದು ಇದನ್ನೇ. ಯಾವ ಬಯಲು ಜನರಿಂದ ತುಂಬುತ್ತದೆ, ಯಾವುದು ಖಾಲಿ ಬೀಳುತ್ತದೆ ಅನ್ನುವುದು ಅವರ ಪ್ರಶ್ನೆ. ಸಿಕ್ಕ ಉತ್ತರ ಎಷ್ಟು ಸರಳ ಅಂದರೆ, ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಇನ್ನೊಂದು ನನಗೆ ತುಂಬಾ ಇಷ್ಟ. ದಾರಿಯಲ್ಲಿ ಸಿಕ್ಕಿ ಮಾತಿಗೆ ನಿಂತವರು ಬದಿಗೆ ಸರಿಯುವುದಿಲ್ಲ, ಜನ ಓಡಾಡುವ ನಟ್ಟನಡುವೆಯೇ ನಿಲ್ಲುತ್ತಾರೆ. ಅವತ್ತಿನಿಂದ ನಾನೂ ಗಮನಿಸುತ್ತಿದ್ದೇನೆ. ನಾನೂ ಹಾಗೇ ನಿಲ್ಲುತ್ತೇನೆ!

ಗುಬ್ಬಿಕಣ್ಣು

ಕಾಲ್ನಡಿಗೆ ಅಕ್ಕ, ಬೆಂಚಿನ ಕತೆ ಸೂಪರ್.

ಹೊತ್ತಿನ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. 1838ರಲ್ಲಿ, ಫೋಟೋಗ್ರಫಿಯನ್ನು ಶುರು ಮಾಡಿದವರಲ್ಲಿ ಒಬ್ಬರಾದ ದಾಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ರಸ್ತೆಯನ್ನು ಮೇಲಿನ ಕಿಟಕಿಯಿಂದ ತೆಗೆದರು. ಅದು ಗಿಜಿಗುಡುವ ರಸ್ತೆ. ಫೋಟೋದಲ್ಲಿ ನೋಡಿದರೆ ಬಿಕೋ ಅನ್ನುತ್ತದೆ. ಎಕ್ಸ್‌ಪೋಷರ್‌ಗೆ, ಅಂದರೆ ಚಿತ್ರ ಮೂಡುವಷ್ಟು ಬೆಳಕು ಬೀಳುವುದಕ್ಕೆ, ಹಲವು ನಿಮಿಷ ಬೇಕಿತ್ತು, ಓಡಾಡುವ ಜನ, ಗಾಡಿ ಯಾವುದೂ ದಾಖಲಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬ ಮತ್ತು ಪಾಲಿಶ್ ಮಾಡುತ್ತಿದ್ದವನು ಉಳಿದುಕೊಂಡರು. ಆ ಫೋಟೋ ನೋಡಿ ಈ ರಸ್ತೆಯಲ್ಲಿ ಜನವೇ ಇರಲಿಲ್ಲ ಅಂದರೆ ಹೇಗೆ?

ಫ್ರಾನ್ಸಿನ ಛಾಯಾಗ್ರಾಹಕ ಯುಜೀನ್ ಅಜೆ ಕೂಡ ಹೀಗೇ. 1890ರ ದಶಕದ ಕೊನೆಯಿಂದ 1927ರಲ್ಲಿ ತೀರಿಕೊಳ್ಳುವವರೆಗೆ ಹಳೇ ಪ್ಯಾರಿಸ್ಸನ್ನು ಬೀದಿ ಬೀದಿಯಾಗಿ ತೆಗೆದರು. ಮರದ ಕ್ಯಾಮೆರಾ, 18×24 ಸೆಂ.ಮೀ. ಗಾಜಿನ ಪ್ಲೇಟು, ಎಲ್ಲ ಹೆಗಲ ಮೇಲೆ. ಬೆಳ್ಳಂಬೆಳಿಗ್ಗೆ ಹೋಗುತ್ತಿದ್ದರು, ಅದಕ್ಕೇ ಬೀದಿಗಳು ಖಾಲಿ. ಖಾಲಿ ಇದ್ದದ್ದು ಆ ಹೊತ್ತು, ಆ ಊರಲ್ಲ.

ಹಳೇ_ಲೆನ್ಸ್

ಅಜೆ ಹೆಸರು ಬಂದ ಮೇಲೆ ನಾನು ಸುಮ್ಮನಿರಲಾರೆ. ಅವರು ಸತ್ತ ಮೇಲೆ ಆ ಸಂಗ್ರಹವನ್ನು ಉಳಿಸಿದವರು ಅಮೆರಿಕದ ಛಾಯಾಗ್ರಾಹಕಿ ಬೆರೆನಿಸ್ ಅಬಟ್. ಅದೇ ಹುಚ್ಚು ಹತ್ತಿಸಿಕೊಂಡು ನ್ಯೂಯಾರ್ಕಿಗೆ ಮರಳಿ, 1935ರಿಂದ 1939ರವರೆಗೆ ಬದಲಾಗುತ್ತಿದ್ದ ಆ ನಗರವನ್ನು ತೆಗೆದರು.

ಈಗ ಕಾರ್ಡು ಅವರಿಗೆ ನಿಜವಾದ ಉಪಾಯ: ಮರುಚಿತ್ರಣ. ಆ ಬೀದಿಯ ಹಳೇ ಫೋಟೋ ಒಂದನ್ನು ಹುಡುಕಿ. ಅದನ್ನು ತೆಗೆದವರು ಎಲ್ಲಿ ನಿಂತಿದ್ದರೋ ಸರಿಯಾಗಿ ಅಲ್ಲೇ ನಿಂತು ಮತ್ತೆ ತೆಗೆಯಿರಿ. 'ಸುಮಾರಾಗಿ ಅಲ್ಲೇ' ಅಂದರೆ ಆಗುವುದಿಲ್ಲ.

ಮಾಡುವುದು ಹೀಗೆ. ಹಳೇ ಫೋಟೋದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿ. ಒಂದು ಕಂಬ ಮತ್ತು ಅದರ ಹಿಂದಿನ ಗೋಪುರ ಅಂದುಕೊಳ್ಳಿ. ಕಂಬದ ಅಂಚಿಗೂ ಗೋಪುರಕ್ಕೂ ನಡುವಿನ ಸಂದು ಎಷ್ಟಿದೆ ನೋಡಿ. ಎಡಕ್ಕೆ ಬಲಕ್ಕೆ ಸರಿದು ಆ ಸಂದು ಹೊಂದಿಸಿ. ಆಮೇಲೆ ಎರಡರ ಗಾತ್ರ ಹೋಲಿಸಿ. ಕಂಬ ಗೋಪುರಕ್ಕಿಂತ ತೀರಾ ದೊಡ್ಡದಾಗಿ ಕಂಡರೆ ಹಿಂದೆ ಹೋಗಿ, ಚಿಕ್ಕದಾಗಿ ಕಂಡರೆ ಮುಂದೆ ಬನ್ನಿ. ಕೊನೆಗೆ ಎತ್ತರ, ಹತ್ತಿರದ ಗೋಡೆಯ ತುದಿ ಹಿಂದಿನ ಯಾವ ಕಿಟಕಿಗೆ ಸಮ ಬರುತ್ತದೆ ಅಂತ. ಲೆನ್ಸ್ ಅದೇ ಆಗಬೇಕಿಲ್ಲ. ದೂರ ಹತ್ತಿರದ ಸಂಬಂಧ ತೀರ್ಮಾನ ಆಗುವುದು ನೀವು ನಿಂತ ಜಾಗದಿಂದ, ಲೆನ್ಸಿನಿಂದ ಅಲ್ಲ. ಉಳಿದದ್ದನ್ನು ಕತ್ತರಿಸಿಕೊಂಡರೆ ಆಯಿತು. ನೆರಳು ಹೊಂದಬೇಕಾದರೆ ಅದೇ ಋತು, ಅದೇ ಹೊತ್ತು ಬೇಕು.

1977ರಿಂದ 79ರವರೆಗೆ ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮತ್ತು ಅವರ ತಂಡ ಅಮೆರಿಕದ ಪಶ್ಚಿಮ ಭಾಗದಲ್ಲಿ ಹೀಗೆ 120ಕ್ಕೂ ಹೆಚ್ಚು ಜಾಗಗಳನ್ನು ಮತ್ತೆ ತೆಗೆಯಿತು. ಮೂಲ ಚಿತ್ರಗಳು ಸುಮಾರು ನೂರು ವರ್ಷದ ಹಿಂದಿನ ಸರ್ವೆ ಫೋಟೋಗಳು. ಯೂಟಾದ ಒಂದು ಜಾಗದಲ್ಲಿ ಬಂಡೆಗಳು ಭಯ ಹುಟ್ಟಿಸುವ ಹಾಗೆ ವಾಲಿದ್ದವು. ಇವರು ಹೋಗಿ ನೋಡಿದರೆ ಬಂಡೆಗಳು ನೆಟ್ಟಗೇ ಇವೆ. 1869ರಲ್ಲಿ ಅದನ್ನು ತೆಗೆದ ಟಿಮೊಥಿ ಓಸಲಿವನ್ ಕ್ಯಾಮೆರಾವನ್ನೇ ಓರೆ ಮಾಡಿದ್ದರು! ಅಲ್ಲಿಗೆ ಹೋಗಿ ನಿಲ್ಲದಿದ್ದರೆ ಈ ಸಂಗತಿ ಹೊರಗೆ ಬರುತ್ತಿತ್ತಾ?

ನಮ್ಮವರಿಗೆ ಹತ್ತಿರದ ಉದಾಹರಣೆ ಹಂಪಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಕಾಗದದ ನೆಗೆಟಿವ್ ಮೇಲೆ ತೆಗೆದ ನೋಟಗಳನ್ನು ಜಾನ್ ಗೋಲಿಂಗ್ಸ್ 1983ರಲ್ಲಿ ಅಲ್ಲಲ್ಲೇ ನಿಂತು ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸಮಯ ಹೋಗುವುದೇ ತಿಳಿಯುವುದಿಲ್ಲ.

ಅಲಾಸ್ಕಾದ ಮ್ಯೂರ್ ಹಿಮನದಿಯ ಜೋಡಿ ಚಿತ್ರ ನೋಡಿದ್ದೀರಾ? 1941ರ ಆಗಸ್ಟಿನಲ್ಲಿ ಚೌಕಟ್ಟು ತುಂಬಾ ಮಂಜುಗಡ್ಡೆ. 2004ರ ಆಗಸ್ಟಿನಲ್ಲಿ ಅದೇ ಜಾಗದಿಂದ ನೋಡಿದರೆ ನೀರು, ಹಸಿರು ಬೆಟ್ಟ. ನಡುವೆ 12 ಕಿ.ಮೀ.ಗಿಂತ ಹೆಚ್ಚು ಹಿಂದೆ ಸರಿದಿದೆ, 800 ಮೀಟರ್‌ಗಿಂತ ಹೆಚ್ಚು ತೆಳುವಾಗಿದೆ.

ಮೂರನೇ_ಕಾಲು

ಹಳೇ ಫೋಟೋ ಸಿಗದಿದ್ದರೆ ಗೂಗಲ್ ಸ್ಟ್ರೀಟ್ ವ್ಯೂ ತೆಗೆದು ನೋಡಿ. 2007ರಲ್ಲಿ ಶುರುವಾಗಿದ್ದು. 2014ರಿಂದ ಹಿಂದಿನ ವರ್ಷಗಳ ಚಿತ್ರವೂ ಅದರಲ್ಲೇ ನೋಡಬಹುದು. ಬಣ್ಣ ಬಳಿದದ್ದು, ಮರ ಕಡಿದದ್ದು, ಕಿಟಕಿ ಮುಚ್ಚಿದ್ದು ಎಲ್ಲ ಸಿಗುತ್ತದೆ. ಕಾರಿನ ತಲೆ ಮೇಲಿನ ಕ್ಯಾಮೆರಾ ಅದು, ಮನುಷ್ಯರ ಕಣ್ಣಿನ ಎತ್ತರ ಅಲ್ಲ. ಅಷ್ಟು ನೆನಪಿರಲಿ.

ಮಸಿಡಬ್ಬಿ

ತಡವಾಗಿ ಬಂದೆ. ಎಲ್ಲ ಓದಿದೆ. ಒಂದು ಮಾತು ಯಾರೂ ಹೇಳಲಿಲ್ಲವಲ್ಲ. ಆ ಮೆಟ್ಟಿಲು ಹತ್ತುವವರನ್ನು ಯಾರಾದರೂ ಕೇಳಿದಿರಾ?

ಎಷ್ಟೇ ಅಳೆದರೂ, ಎಷ್ಟು ಸಲ ಹೋದರೂ, ನಾವು ಹೊರಗಿನಿಂದ ಬಂದವರು. ನಮಗೆ ಹೊಸದಾಗಿ ಕಂಡದ್ದನ್ನೇ ನಾವು ತೆಗೆಯುವುದು. ಅಲ್ಲಿರುವವರಿಗೆ ಮುಖ್ಯ ಆದದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

1992ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬುರಿಸ್ ಅವರ ಕೆಲಸದಲ್ಲಿ ಹಳ್ಳಿಯ 62 ಹೆಣ್ಣುಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟರು. ನಿಮ್ಮ ಬದುಕು ಹೇಗಿದೆ, ನೀವೇ ತೋರಿಸಿ ಅಂತ. ಆಮೇಲೆ ಆ ಚಿತ್ರಗಳನ್ನಿಟ್ಟುಕೊಂಡು ಅವರ ಜೊತೆ ಕೂತು ಮಾತಾಡಿದರು. ಈ ವಿಧಾನಕ್ಕೆ ಫೋಟೋವಾಯ್ಸ್ ಅನ್ನುತ್ತಾರೆ. ಈಗ ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ.

ಮತ್ತೆ ದಯವಿಟ್ಟು, ಜನರ ಮನೆ ಬಾಗಿಲ ಫೋಟೋ ಸಾಲಾಗಿ ತೆಗೆಯುವಾಗ ಯಾರಾದರೂ ಹೊರಗೆ ಬಂದರೆ ಕ್ಯಾಮೆರಾ ಕೆಳಗಿಳಿಸಿ ಮಾತಾಡಿ. ಅವರಿಗೆ ಅದು ಅವರ ಮನೆ. ನಿಮಗೆ ಮಾತ್ರ ಮಾದರಿ ಸಂಖ್ಯೆ 23.

ಗುಬ್ಬಿಕಣ್ಣು

ಮೇಡಂ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಕೇಳಿದ ಕೂಡಲೇ ಜನ ನೆಟ್ಟಗೆ ನಿಂತು ನಗುತ್ತಾರೆ. ಆಮೇಲೆ ಅದು ಜಾಗದ ಫೋಟೋ ಆಗಿರುವುದಿಲ್ಲ, ಪರಿಚಯದ ಫೋಟೋ ಆಗುತ್ತದೆ. ಕಾಲ್ನಡಿಗೆ ಅಕ್ಕನ ಬೆಂಚಿನಲ್ಲಿ ಕೂತವರನ್ನೆಲ್ಲ ಮೊದಲೇ ಕೇಳಿದ್ದರೆ ಅವರು ಎಲ್ಲೆಂದರಲ್ಲಿ ಕೂರುತ್ತಿದ್ದರು.

ಕಾಲ್ನಡಿಗೆ

ನಾನು ಮುಖ ತೆಗೆಯಲಿಲ್ಲಪ್ಪ. ಹಿಂದಿನಿಂದ, ದೂರದಿಂದ. ಯಾರು ಕೂತರು ಅನ್ನುವುದು ನನಗೆ ಬೇಕಿರಲಿಲ್ಲ, ಎಲ್ಲಿ ಕೂತರು ಅನ್ನುವುದು ಸಾಕಿತ್ತು. ಆ ಫೋಟೋಗಳನ್ನು ಎಲ್ಲೂ ಹಾಕಿಯೂ ಇಲ್ಲ.

ಮಸಿಡಬ್ಬಿ

ಅಷ್ಟು ಮಾಡಿದರೆ ನನ್ನ ತಕರಾರಿಲ್ಲ. ಗುಬ್ಬಿಕಣ್ಣು, ನೀವು ಹೇಳುವ ನಗು ಹತ್ತು ನಿಮಿಷ ಇರುತ್ತದೆ. ಹನ್ನೊಂದನೇ ನಿಮಿಷಕ್ಕೆ ಅವರು ನಿಮ್ಮನ್ನು ಮರೆಯುತ್ತಾರೆ. ಅಲ್ಲಿವರೆಗೆ ನಿಲ್ಲುವ ತಾಳ್ಮೆ ನಮಗಿಲ್ಲ, ಅಷ್ಟೇ.

ಹಳೇ_ಲೆನ್ಸ್

ಹೊರಡುವ ಮೊದಲು ಕ್ಯಾಮೆರಾದ ಗಡಿಯಾರ ಸರಿ ಮಾಡಿಕೊಳ್ಳಿ. ಯಾರೂ ನೋಡುವುದೇ ಇಲ್ಲ. ನನ್ನ ಎರಡು ವರ್ಷದ ಫೋಟೋಗಳಲ್ಲಿ ಮಧ್ಯಾಹ್ನವೆಲ್ಲ ಮಧ್ಯರಾತ್ರಿ ಅಂತಲೇ ದಾಖಲಾಗಿದೆ. ಫೋನಿನ ಜಿಪಿಎಸ್ ಬಯಲಲ್ಲಿ ಸುಮಾರು ಐದು ಮೀಟರ್ ಒಳಗೆ ಹೇಳುತ್ತದೆ, ಕಿರಿದಾದ ಬೀದಿಯಲ್ಲಿ ಪಕ್ಕದ ಮನೆಗೆ ಹಾರಿಬಿಡುತ್ತದೆ. ಅದಕ್ಕೇ ಮನೆ ಸಂಖ್ಯೆಯನ್ನು ಕೈಯಲ್ಲಿ ಬರೆದುಕೊಳ್ಳಿ. ಫೋಟೋದ ಜೊತೆ ಎರಡು ಸಾಲು ಟಿಪ್ಪಣಿ, ಅವತ್ತೇ ರಾತ್ರಿ. ಒಂದು ವಾರ ಬಿಟ್ಟರೆ ಎಲ್ಲ ಮನೆಯೂ ಒಂದೇ.

ತುಂಬಿದ_ಕಾರ್ಡು (ಐದು ವಾರದ ನಂತರ)

ಹೋಗಿ ಬಂದೆ.

ಮೋಡದ ದಿನಕ್ಕಾಗಿ ಕಾದು ಹೋದೆ. ನದಿಯ ತುದಿಯಿಂದ ಚೌಕದವರೆಗೆ ಬಲಬದಿಯ 41 ಮನೆ, ಎದುರಿನ ಫುಟ್‌ಪಾತಿನಿಂದ, ಒಂದೇ ಲೆನ್ಸ್, ಗ್ರಿಡ್ ಗೆರೆ ಹೊಂದಿಸಿ. ಈ ಸಲ ಒಟ್ಟು 96 ಫೋಟೋ. ಒಂದೂ ಗೋಡೆಗೆ ಹಾಕುವಂಥದ್ದಲ್ಲ.

ಮೆಟ್ಟಿಲ ಲೆಕ್ಕ: ನದಿಗೆ ಹತ್ತಿರದ ನಾಲ್ಕು ಮನೆಗೆ ಸೊನ್ನೆ. ಹೌದು, ಸೊನ್ನೆ. ಆಮೇಲೆ ಒಂದು, ಎರಡು, ಮೂರು. ಬೀದಿಯ ನಡುವೆ, ಏರಿನ ತುದಿಯಲ್ಲಿ ಏಳು. ಅಲ್ಲಿಂದ ಮತ್ತೆ ಇಳಿಯುತ್ತಾ ಚೌಕದ ಹತ್ತಿರ ಸೊನ್ನೆ. ಮೂರನೇ_ಕಾಲು ಅವರೇ, ಲೆನ್ಸ್ ಕ್ಯಾಪ್ ಎಲ್ಲಿ?

ರಾತ್ರಿ 41 ಫೋಟೋಗಳನ್ನು ಉದ್ದಕ್ಕೆ ಜೋಡಿಸಿದೆ. ಆಗ ಇನ್ನೊಂದು ಕಂಡಿತು. ಮೆಟ್ಟಿಲಿರುವ ಎಲ್ಲ ಮನೆಯಲ್ಲೂ ಹೊಸ್ತಿಲಿಗಿಂತ ಕೆಳಗಿನ ಕಲ್ಲು ಒರಟಾಗಿದೆ, ಮೇಲಿನದು ನುಣ್ಣಗೆ ಕೆತ್ತಿದ್ದು. ಒರಟು ಕಲ್ಲು ಅಂದರೆ ಮಣ್ಣಿನಡಿ ಹೂತಿರಬೇಕಾದ ಅಡಿಪಾಯ. ಆ ಗೆರೆಯನ್ನು ಮನೆಯಿಂದ ಮನೆಗೆ ಬೆರಳಲ್ಲಿ ಹಿಂಬಾಲಿಸಿದರೆ ಒಂದು ಗುಡ್ಡದ ಬೆನ್ನು. ರಸ್ತೆಯೇ ಕೆಳಗೆ ಹೋಗಿದೆ ಸರ್, ನೀವು ಹೇಳಿದ ಹಾಗೆ.

ಮರುದಿನ ಮತ್ತೆ ಹೋದೆ. ಏಳು ಮೆಟ್ಟಿಲ ಮನೆಯ ಮುಂದೆ ಒಬ್ಬ ಅಜ್ಜ ಕೂತಿದ್ದರು. ನಿನ್ನೆಯಿಂದ ನೋಡುತ್ತಿದ್ದೇನೆ, ಏನು ನಡೆಸಿದ್ದೀಯ ಅಂದರು. ಕ್ಯಾಮೆರಾ ಇಳಿಸಿ ಎಲ್ಲ ಹೇಳಿದೆ. ನಕ್ಕರು. ನದಿಗೆ ಸೇತುವೆ ಕಟ್ಟಿದಾಗ ತುಂಬಿದ ಗಾಡಿಗಳು ಈ ಏರು ಹತ್ತಲಾಗದೆ ರಸ್ತೆ ಅಗೆದರಂತೆ. ಮೆಟ್ಟಿಲು ಕಟ್ಟುವವರೆಗೆ ಮನೆಯವರು ಏಣಿ ಇಟ್ಟುಕೊಂಡು ಓಡಾಡಿದರು ಅಂತ ಅವರ ತಾಯಿ ಹೇಳುತ್ತಿದ್ದರಂತೆ. ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡದ್ದು ಅವರಿಗೆ ನಾಲ್ಕು ವಾಕ್ಯ. ಮಸಿಡಬ್ಬಿ ಮೇಡಂ, ನಿಮ್ಮನ್ನೇ ನೆನೆದೆ.

ಆದರೆ ಲೆಕ್ಕ ಹಾಕದೆ ಹೋಗಿದ್ದರೆ ಅವರನ್ನು ಏನಂತ ಕೇಳುತ್ತಿದ್ದೆ ಅಂತಲೂ ಅನ್ನಿಸಿತು.

ಫೋನ್ ಅವರ ಕೈಗೆ ಕೊಟ್ಟು, ನೀವೂ ಒಂದು ತೆಗೆಯಿರಿ ಅಂದೆ. ಅವರು ಎದ್ದು ಬಾಗಿಲ ಹತ್ತಿರ ಹೋಗಿ, ಮೇಲಿಂದ ಕೆಳಕ್ಕೆ ಹಿಡಿದು ತೆಗೆದರು. ನನ್ನ ಹತ್ತಿರ ಅಂಥ ಒಂದೂ ಇರಲಿಲ್ಲ. ನನಗೆ ಅವು ಹತ್ತುವ ಮೆಟ್ಟಿಲು. ಮೊಣಕಾಲು ನೋವಿರುವ ಅವರಿಗೆ ಇಳಿಯುವ ಮೆಟ್ಟಿಲು.

ಒಳಗಿಂದ ಒಂದು ಹಳೇ ಫೋಟೋ ತಂದರು. ಅದೇ ಬಾಗಿಲು, ರಸ್ತೆ ಹೊಸ್ತಿಲಿಗೇ ತಾಗಿಕೊಂಡಿದೆ. ಮೆಟ್ಟಿಲೇ ಇಲ್ಲ. ಹಳೇ_ಲೆನ್ಸ್ ಅಣ್ಣ ಹೇಳಿದ ಹಾಗೆ ಬಾಗಿಲ ಚೌಕಟ್ಟು, ಹಿಂದಿನ ಗೋಪುರ ಹಿಡಿದುಕೊಂಡು ಮರುಚಿತ್ರಣಕ್ಕೆ ಹೊರಟೆ. ಎಡ ಬಲ ಹೊಂದಿತು, ಹಿಂದೆ ಮುಂದೆ ಹೊಂದಿತು. ಎತ್ತರ ಮಾತ್ರ ಏನು ಮಾಡಿದರೂ ಹೊಂದುತ್ತಿಲ್ಲ. ಐದು ನಿಮಿಷ ಒದ್ದಾಡಿದ ಮೇಲೆ ಹೊಳೆಯಿತು. ಅವತ್ತು ಫೋಟೋ ತೆಗೆದವರು ನಿಂತ ನೆಲ ಈಗ ಇಲ್ಲ. ಆ ಕ್ಯಾಮೆರಾ ಇದ್ದ ಜಾಗ ನನ್ನ ತಲೆಯ ಮೇಲೆ, ಗಾಳಿಯಲ್ಲಿದೆ.

ಅಜ್ಜ ಒಳಗೆ ಹೋಗಿ ಏಣಿ ತಂದರು.

ಮೂರನೇ_ಕಾಲು

ಲೆನ್ಸ್ ಕ್ಯಾಪ್ ಅಂಚೆಗೆ ಹಾಕುತ್ತೇನೆ, ವಿಳಾಸ ಖಾಸಗಿ ಮೆಸೇಜಿನಲ್ಲಿ ಕಳಿಸಿ. ಏಣಿ ಮೇಲಿಂದ ತೆಗೆದದ್ದನ್ನು ಹಾಕಿ ಮಾರಾಯರೇ!

ತುಂಬಿದ_ಕಾರ್ಡು

ಅಜ್ಜನನ್ನು ಕೇಳಿದೆ. ಬಾಗಿಲು ಹಾಕು, ಮುಖ ಬೇಡ, ಹಳೇ ಫೋಟೋ ಮನೆಯದ್ದು ಅದೂ ಬೇಡ ಅಂದರು. ಮುಖ ಬರದ್ದನ್ನು ಹುಡುಕಿ ನಾಳೆ ಹಾಕುತ್ತೇನೆ. ಪ್ರಿಂಟ್ ಹಾಕಿಸಿ ಅವರಿಗೂ ಕಳಿಸಬೇಕು.

ಅಳತೆಪಟ್ಟಿ

ಒಳ್ಳೇ ಕೆಲಸ. ಎಡಬದಿ ತೆಗೆದಿರಾ?

ತುಂಬಿದ_ಕಾರ್ಡು

ಇಲ್ಲ ಸರ್.

ಅಳತೆಪಟ್ಟಿ

ಹಾಗಾದರೆ ಅರ್ಧ ಬೀದಿ ಬಾಕಿ ಇದೆ. ಮುಂದಿನ ಮೋಡ ಯಾವಾಗ ನೋಡಿ.